ಝಡ್‌ರ‍್ಯಾಮ್ ಹಾಕಿದ ಮೇಲೆ ಲ್ಯಾಬಿನ ಯಂತ್ರಗಳು ತಡೆದು ತಡೆದು ನಡೆಯುತ್ತಿವೆ: ಈ ನಿಧಾನವನ್ನು ಅಳೆಯುವುದು ಹೇಗೆ?

ತುಮಕೂರು ಲ್ಯಾಬ್:

ಎಲ್ಲರಿಗೂ ನಮಸ್ಕಾರ. ತುಮಕೂರಿನ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವ ಕೆಲಸ ನನ್ನದು. ನಮ್ಮಲ್ಲಿ 32 ಯಂತ್ರಗಳಿವೆ. ಎಲ್ಲವೂ ಎರಡು ಕೋರಿನ ಹಳೆಯ ಪ್ರೊಸೆಸರಿನವು, ಒಂದೊಂದಕ್ಕೂ 4 ಜಿಬಿ ರ‍್ಯಾಮ್. 26 ಯಂತ್ರಗಳಲ್ಲಿ ತಿರುಗುವ ಹಾರ್ಡ್ ಡಿಸ್ಕ್ ಇದೆ, ಉಳಿದ 6ಕ್ಕೆ ಕಳೆದ ವರ್ಷ ಎಸ್‌ಎಸ್‌ಡಿ ಹಾಕಿಸಿದೆವು. ಹೊಸ ರ‍್ಯಾಮ್‌ಗೆ ಈ ವರ್ಷ ಹಣವಿಲ್ಲ ಎಂದು ಖಚಿತವಾದ ಮೇಲೆ, ಲಿನಕ್ಸ್ ಕರ್ನಲ್‌ನ ಝಡ್‌ರ‍್ಯಾಮ್ ಸೌಲಭ್ಯವನ್ನು (ಸದ್ಯಕ್ಕೆ ಬೇಡದ ಮೆಮೊರಿಯನ್ನು ಡಿಸ್ಕಿಗೆ ಕಳಿಸದೆ ರ‍್ಯಾಮಿನಲ್ಲೇ ಕುಗ್ಗಿಸಿ ಇಡುವುದು) ಎಲ್ಲ ಯಂತ್ರಗಳಲ್ಲೂ ಚಾಲೂ ಮಾಡಿ, 2 ಜಿಬಿ ಗಾತ್ರದ ಸ್ವಾಪ್, ಅಂದರೆ ರ‍್ಯಾಮ್ ಸಾಲದಾದಾಗ ಹೆಚ್ಚಿನದನ್ನು ಕಳಿಸುವ ಜಾಗ, ಕೊಟ್ಟೆ. ಹೆಚ್ಚು ಕುಗ್ಗಿಸುತ್ತದೆ ಎಂಬ ಕಾರಣಕ್ಕೆ ಝಡ್‌ಎಸ್‌ಟಿಡಿ ಎಂಬ ಕುಗ್ಗಿಸುವ ಕ್ರಮವನ್ನು ಆರಿಸಿಕೊಂಡೆ.

ಬ್ರೌಸರನ್ನೂ ಜಾವಾ ಎಡಿಟರನ್ನೂ ಒಟ್ಟಿಗೆ ತೆರೆದರೆ ಮೊದಲು ಯಾವುದೋ ಒಂದು ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು. ಈಗ ಹಾಗಾಗುವುದಿಲ್ಲ, ಅಷ್ಟರ ಮಟ್ಟಿಗೆ ಲಾಭವಾಗಿದೆ. ಆದರೆ ಎಡಿಟರಿನಲ್ಲಿ ಬರೆಯುತ್ತಿರುವಾಗ ಇದ್ದಕ್ಕಿದ್ದಂತೆ ಎರಡು ಮೂರು ಸೆಕೆಂಡು ಎಲ್ಲವೂ ನಿಂತುಬಿಡುತ್ತದೆ ಎಂದು ವಿದ್ಯಾರ್ಥಿಗಳು ದೂರುತ್ತಿದ್ದಾರೆ. ನಾನೇ ಪಕ್ಕದಲ್ಲಿ ಕುಳಿತು ನೋಡಿದೆ. ಹುಡುಗಿಯೊಬ್ಬಳು ಒಂದು ಸಾಲು ಬರೆದು ಮುಗಿಸಿದರೂ ಪರದೆಯ ಮೇಲೆ ಮೊದಲ ನಾಲ್ಕು ಅಕ್ಷರಗಳಷ್ಟೇ ಇದ್ದವು, ಉಳಿದದ್ದು ಆಮೇಲೆ ಒಮ್ಮೆಲೇ ಬಂದು ಬಿತ್ತು. ಅದೇ ಹೊತ್ತಿನಲ್ಲಿ ಟಾಪ್ ಎಂಬ ಸಲಕರಣೆ ತೋರಿಸಿದ ಸಿಪಿಯು ಬಳಕೆ ಶೇಕಡಾ 30ರ ಆಸುಪಾಸು. 3 ಜಿಬಿ ತುಂಬಿ ಓದುವ ಚಿಕ್ಕದೊಂದು ಪರೀಕ್ಷಾ ಪ್ರೋಗ್ರಾಂ ಬರೆದು ಓಡಿಸಿದೆ. ಅದರಲ್ಲಿ ಒಂದು ತಡೆಯೂ ಕಾಣಲಿಲ್ಲ.

ಮೆಮೊರಿಯನ್ನು ಕುಗ್ಗಿಸುವುದರಿಂದಲೇ ಈ ನಿಧಾನ ಬಂದಿದೆಯೋ ಬೇರೆ ಕಾರಣವಿದೆಯೋ ಎಂಬುದನ್ನು ಊಹೆಯಿಂದಲ್ಲದೆ ಅಳತೆಯಿಂದ ಹೇಳಲು ಏನು ಮಾಡಬೇಕು? ಸೆಮಿಸ್ಟರಿನ ಪ್ರಾಯೋಗಿಕ ಪರೀಕ್ಷೆಗೆ ಮೊದಲು ಇದು ಇತ್ಯರ್ಥವಾಗಬೇಕು.

ಶಿರಾ ಗೇಟ್:

ಅಳೆಯುವುದಕ್ಕೆ ಏನಿದೆ? ಕುಗ್ಗಿಸಲು, ಹಿಗ್ಗಿಸಲು ಸಿಪಿಯು ಬೇಕು. ಹಳೆಯ ಸಿಪಿಯುವಿಗೆ ಆ ಹೊರೆ ಹೆಚ್ಚಾಯಿತು. ಝಡ್‌ರ‍್ಯಾಮ್ ತೆಗೆದುಹಾಕಿ, ಸರಿಹೋಗುತ್ತದೆ.

ಚಿಂತಾಮಣಿ ಸಿ:

ತೆಗೆದುಹಾಕಿದರೆ ಸರಿಹೋಗುವುದಿಲ್ಲ, ಕಾರ್ಯಕ್ರಮಗಳು ಮತ್ತೆ ಮುಚ್ಚಿಕೊಳ್ಳುತ್ತವೆ ಎಂದು ಅವರೇ ಬರೆದಿದ್ದಾರಲ್ಲ ಸರ್. ಲ್ಯಾಬಿನವರಿಗೆ ನನ್ನ ಮೊದಲ ಪ್ರಶ್ನೆ: ನಿಮ್ಮ ಪರೀಕ್ಷಾ ಪ್ರೋಗ್ರಾಂ ಆ 3 ಜಿಬಿಯಲ್ಲಿ ಏನನ್ನು ತುಂಬುತ್ತಿತ್ತು?

ತುಮಕೂರು ಲ್ಯಾಬ್:

ಮೆಮ್‌ಸೆಟ್ ಬಳಸಿ ಎಲ್ಲ ಬೈಟ್‌ಗಳಿಗೂ 1 ಎಂದು ಬರೆದೆ. ಸೊನ್ನೆ ಬರೆದರೆ ಮೋಸವಾಗುತ್ತದೆ ಎಂದು ಎಲ್ಲೋ ಓದಿದ್ದೆ, ಅದಕ್ಕೆ 1.

ಚಿಂತಾಮಣಿ ಸಿ:

ಎಡವಿದ್ದು ಅಲ್ಲಿಯೇ. ಕರ್ನಲ್ ಮೆಮೊರಿಯನ್ನು ಪುಟಗಳೆಂಬ ತುಂಡುಗಳಾಗಿ ನೋಡಿಕೊಳ್ಳುತ್ತದೆ. 4096 ಬೈಟ್‌ಗಳ ಒಂದು ಪುಟದ ತುಂಬ ಒಂದೇ ಬೆಲೆ ಮರುಕಳಿಸಿದ್ದರೆ ಝಡ್‌ರ‍್ಯಾಮ್ ಆ ಪುಟವನ್ನು ಕುಗ್ಗಿಸುವ ಗೋಜಿಗೇ ಹೋಗುವುದಿಲ್ಲ. ಆ ಬೆಲೆಯನ್ನಷ್ಟೇ ಗುರುತು ಹಾಕಿಕೊಂಡು ಪುಟವನ್ನು ಬಿಟ್ಟುಕೊಡುತ್ತದೆ, ಹಿಂದಕ್ಕೆ ಕೇಳಿದಾಗ ಅದೇ ಬೆಲೆಯನ್ನು ತುಂಬಿ ಕೊಡುತ್ತದೆ. ಸೊನ್ನೆಗೆ ಅನ್ವಯಿಸುವ ಮಾತೇ ಒಂದಕ್ಕೂ ಅನ್ವಯಿಸುತ್ತದೆ. ನಿಮ್ಮ ಪರೀಕ್ಷೆಯಲ್ಲಿ ಝಡ್‌ಎಸ್‌ಟಿಡಿ ಒಂದು ಸಲವೂ ಓಡಿಲ್ಲ.

ಝಡ್‌ರ‍್ಯಾಮ್ ಸಾಧನದ ಎಂಎಂ-ಸ್ಟ್ಯಾಟ್ ಕಡತವನ್ನು ತೆರೆದು ನೋಡಿ. ಒಂದೇ ಸಾಲಿನಲ್ಲಿ ಹಲವು ಅಂಕಿಗಳಿರುತ್ತವೆ. ಮೊದಲನೆಯದು ಕುಗ್ಗಿಸುವ ಮೊದಲಿನ ಗಾತ್ರ, ಎರಡನೆಯದು ಕುಗ್ಗಿದ ಮೇಲಿನ ಗಾತ್ರ, ಮೂರನೆಯದು ರ‍್ಯಾಮಿನಲ್ಲಿ ನಿಜವಾಗಿ ಹಿಡಿದ ಜಾಗ, ಆರನೆಯದು ಈಗ ಹೇಳಿದ ಏಕಬೆಲೆಯ ಪುಟಗಳ ಸಂಖ್ಯೆ, ಎಂಟನೆಯದು ಕುಗ್ಗದೆ ಇಡಿಯಾಗಿಯೇ ಉಳಿದ ಪುಟಗಳ ಸಂಖ್ಯೆ. ಕೊನೆಯ ಈ ಅಂಕಿಯನ್ನು ಯಾರೂ ನೋಡುವುದಿಲ್ಲ. ಆದರೆ ಕುಗ್ಗಿಸಲು ಹೋಗಿ ಸಿಪಿಯು ಸಮಯವನ್ನೂ ಕಳೆದುಕೊಂಡು, ಕೊನೆಗೆ ಜಾಗವನ್ನೂ ಉಳಿಸದ ಪುಟಗಳು ಇವೇ. ಈ ಸಂಖ್ಯೆ ದೊಡ್ಡದಿದ್ದರೆ ಎರಡು ಕಡೆಯಿಂದಲೂ ನಷ್ಟ.

ಶಿಡ್ಲಘಟ್ಟ ನೂಲು:

ಹಾಗಾದರೆ ನಿಜವಾದ ಪಠ್ಯವನ್ನು ತುಂಬಲಿ. ಕನ್ನಡ ವಿಕಿಪೀಡಿಯದ ಪುಟಗಳನ್ನು ಇಳಿಸಿಕೊಂಡು ಮೆಮೊರಿಗೆ ತುಂಬಿದರೆ ಸಹಜವಾದ ದತ್ತಾಂಶ ಸಿಗುತ್ತದೆ.

ಚಿಂತಾಮಣಿ ಸಿ:

ಮೇಡಂ, ಕನ್ನಡ ಪಠ್ಯ ತೆಗೆದುಕೊಂಡರೆ ಫಲಿತಾಂಶ ಇನ್ನೂ ದಾರಿ ತಪ್ಪಿಸುತ್ತದೆ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಯೂನಿಕೋಡ್ ಸಂಕೇತಕ್ಕೂ ಮೂರು ಬೈಟ್ ಬೇಕು. ಆ ಮೂರರಲ್ಲಿ ಮೊದಲ ಬೈಟ್ ಯಾವಾಗಲೂ ಒಂದೇ, ಎರಡನೆಯದಕ್ಕೆ ಇರುವುದು ಎರಡೇ ಬೆಲೆ. ನಿಜವಾದ ವ್ಯತ್ಯಾಸವೆಲ್ಲ ಮೂರನೆಯ ಬೈಟಿನಲ್ಲಿರುವುದರಿಂದ ಕನ್ನಡ ಪಠ್ಯ ತುಂಬ ಚೆನ್ನಾಗಿ ಕುಗ್ಗುತ್ತದೆ. ಬ್ರೌಸರಿನ ಮೆಮೊರಿಯಲ್ಲಿ ಇರುವುದು ಬರೀ ಪಠ್ಯವಲ್ಲ. ಬಿಚ್ಚಿಟ್ಟ ಚಿತ್ರಗಳು, ವಿಳಾಸ ಸೂಚಕಗಳು, ಆಗಷ್ಟೇ ಸಿದ್ಧವಾದ ಯಂತ್ರಭಾಷೆಯ ತುಣುಕುಗಳು ಅಲ್ಲಿರುತ್ತವೆ. ಕೆಲವು ಅರ್ಧಕ್ಕಿಂತ ಕೆಳಗೆ ಕುಗ್ಗುತ್ತವೆ, ಕೆಲವು ಕುಗ್ಗುವುದೇ ಇಲ್ಲ. ವಿದ್ಯಾರ್ಥಿಗಳು ಬಳಸುವ ಬ್ರೌಸರ್, ಎಡಿಟರ್‌ಗಳನ್ನೇ ನಿಜವಾಗಿ ತೆರೆದು ಒತ್ತಡ ಹುಟ್ಟಿಸುವುದು ಅತ್ಯುತ್ತಮ.

ಶಿಡ್ಲಘಟ್ಟ ನೂಲು:

ಮೂರು ಬೈಟಿನ ವಿಷಯ ಗೊತ್ತಿತ್ತು, ಅದನ್ನು ಇಲ್ಲಿಗೆ ಹೊಂದಿಸಿ ನೋಡಿರಲಿಲ್ಲ. ಒಪ್ಪಿದೆ.

ಕೋಲಾರ ಮಂಡಿ:

ಸರಾಸರಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಕೋಲಾರದ ಟೊಮೆಟೊ ಮಾರುಕಟ್ಟೆಯ ಮಂಡಿಯೊಂದರ ಬಿಲ್ಲಿಂಗ್ ಯಂತ್ರಗಳನ್ನು ನಾನು ನೋಡಿಕೊಳ್ಳುತ್ತೇನೆ. 2 ಜಿಬಿಯ ಯಂತ್ರ, ಝಡ್‌ರ‍್ಯಾಮ್ ಇದೆ. ಇಡೀ ದಿನದ ಸರಾಸರಿ ತೆಗೆದರೆ ಅದು ಅತ್ಯಂತ ವೇಗದ ಯಂತ್ರ, ಏಕೆಂದರೆ ದಿನದ ಬಹುಪಾಲು ಹೊತ್ತು ಅದಕ್ಕೆ ಕೆಲಸವೇ ಇರುವುದಿಲ್ಲ. ಹರಾಜು ಮುಗಿದು ರೈತರು ಚೀಟಿಗಾಗಿ ಸಾಲುಗಟ್ಟಿದಾಗ, ರಾತ್ರಿಯೆಲ್ಲ ಮುಟ್ಟದೆ ಇದ್ದ ಪುಟಗಳನ್ನು ಒಮ್ಮೆಲೇ ಹಿಂದಕ್ಕೆ ತರಬೇಕಾಗುತ್ತದೆ. ಆಗ ಬಾಕ್ಸ್ ಲೆಕ್ಕ ಹೊಡೆಯುವ ಹುಡುಗ ಎಂಟರ್ ಒತ್ತಿ ಕಾಯುತ್ತಾನೆ, ಅವನ ಹಿಂದೆ ಹತ್ತು ಜನ ಕಾಯುತ್ತಾರೆ. ಒಂದು ತಿಂಗಳ ಕಾಲ ನಾನು ಸರಾಸರಿ ಅಂಕಿಗಳನ್ನು ತೋರಿಸಿ ಯಂತ್ರದಲ್ಲಿ ತೊಂದರೆಯಿಲ್ಲ ಎಂದು ಮಂಡಿಯವರೊಂದಿಗೆ ವಾದಿಸಿದೆ. ತಪ್ಪು ನನ್ನದಾಗಿತ್ತು.

ಅಳೆಯಬೇಕಾದದ್ದು ಕಾಯುವ ಸಮಯವನ್ನು, ಅದರಲ್ಲೂ ಅತಿ ಕೆಟ್ಟ ಕಾಯುವಿಕೆಯನ್ನು. ನೂರು ಸಲದಲ್ಲಿ ತೊಂಬತ್ತೊಂಬತ್ತು ಸಲ ಎಷ್ಟರೊಳಗೆ ಮುಗಿಯಿತು, ಉಳಿದ ಒಂದು ಸಲ ಎಷ್ಟು ಹೊತ್ತಾಯಿತು ಎಂದು ನೋಡಿ. ಕರ್ನಲ್‌ನಲ್ಲಿ ಇದಕ್ಕೆಂದೇ ಪಿಎಸ್‌ಐ ಎಂಬ ವ್ಯವಸ್ಥೆ 4.20ನೇ ಆವೃತ್ತಿಯಿಂದ, ಅಂದರೆ 2018ರ ಡಿಸೆಂಬರಿನಿಂದ ಇದೆ. ಪ್ರಾಕ್ ಒಳಗಿನ ಪ್ರೆಶರ್ ಫೋಲ್ಡರಿನಲ್ಲಿ ಮೆಮೊರಿ ಎಂಬ ಕಡತವನ್ನು ಓದಿ. ‘ಸಮ್’ ಎಂಬ ಸಾಲು ಕನಿಷ್ಠ ಒಂದು ಕೆಲಸವಾದರೂ ಮೆಮೊರಿಗಾಗಿ ಕಾದ ಸಮಯದ ಪಾಲನ್ನು ಹೇಳುತ್ತದೆ. ‘ಫುಲ್’ ಎಂಬ ಸಾಲು ಕೆಲಸಗಳೆಲ್ಲವೂ ಒಟ್ಟಿಗೆ ಸಿಕ್ಕಿಕೊಂಡ ಸಮಯದ ಪಾಲನ್ನು ಹೇಳುತ್ತದೆ. 10, 60, 300 ಸೆಕೆಂಡುಗಳ ಸರಾಸರಿಗಳ ಜೊತೆಗೆ ಒಟ್ಟು ಮೈಕ್ರೋಸೆಕೆಂಡುಗಳ ಲೆಕ್ಕವೂ ಇರುತ್ತದೆ. ಆ ಒಟ್ಟು ಲೆಕ್ಕವನ್ನು ಸೆಕೆಂಡಿಗೊಮ್ಮೆ ಓದಿ ಹಿಂದಿನದರಿಂದ ಕಳೆಯಿರಿ; ಸರಾಸರಿಯಲ್ಲಿ ಕರಗಿಹೋಗುವ ಚಿಕ್ಕ ತಡೆ ಅಲ್ಲಿ ಎದ್ದು ಕಾಣುತ್ತದೆ. ಆ ಕಡತವೇ ಇಲ್ಲದಿದ್ದರೆ ಬೂಟ್ ಸಾಲಿನಲ್ಲಿ (ಯಂತ್ರ ಆರಂಭವಾಗುವಾಗ ಕರ್ನಲ್‌ಗೆ ಕೊಡುವ ಸೂಚನೆಗಳ ಸಾಲು) ಪಿಎಸ್‌ಐ=1 ಎಂದು ಸೇರಿಸಿ ನೋಡಿ.

ಗೌರಿಬಿದನೂರು:

ಮಂಡಿಯವರ ಮಾತಿಗೆ ಒಂದು ತಿದ್ದುಪಡಿ. ಪಿಎಸ್‌ಐ ಒಳ್ಳೆಯ ಎಚ್ಚರಿಕೆಗಂಟೆ ಹೌದು, ಆದರೆ ಝಡ್‌ರ‍್ಯಾಮಿನಿಂದ ಪುಟ ಹಿಂದಕ್ಕೆ ಬರುವ ಪ್ರತಿಯೊಂದು ಕ್ಷಣವನ್ನೂ ಅದು ಎಣಿಸುವುದಿಲ್ಲ. ಇತ್ತೀಚಿನವರೆಗೂ ಬಳಕೆಯಲ್ಲಿದ್ದು ಹೊರಹೋದ ಪುಟ ಎಂಬ ಗುರುತು ಇದ್ದರೆ ಮಾತ್ರ ಆ ಓದುವಿಕೆಯನ್ನು ಮೆಮೊರಿಗಾಗಿ ಕಾದ ಸಮಯವೆಂದು ಹಿಡಿಯುತ್ತದೆ. ಬಹಳ ಕಾಲ ತಣ್ಣಗಿದ್ದ ಪುಟ ಹಿಂದಕ್ಕೆ ಬಂದರೆ ಅದನ್ನು ಹಿಗ್ಗಿಸಿದ ಸಮಯ ಆ ಕೆಲಸದ ಸಿಸ್ಟಂ ಸಮಯದಲ್ಲಿ ಸೇರಿಹೋಗುತ್ತದೆ. ನೀವು ವಿವರಿಸಿದ ಮುಂಜಾನೆಯ ತಡೆಯಲ್ಲಿ ಇಂತಹ ಪುಟಗಳೇ ಹೆಚ್ಚಿರಬೇಕು.

ಆದ್ದರಿಂದ ಪುಟವನ್ನು ಹಿಂದಕ್ಕೆ ತರುವ ಡೂ-ಸ್ವಾಪ್-ಪೇಜ್ ಎಂಬ ಕರ್ನಲ್ ಫಂಕ್ಷನ್ನಿನ ಅವಧಿಯನ್ನೇ ನೇರವಾಗಿ ಅಳೆಯಿರಿ. ಕರ್ನಲ್ ಒಳಗೆ ಇಣುಕಿ ನೋಡುವ ಬಿಸಿಸಿ ಸಲಕರಣೆಗಳಲ್ಲಿ ಫಂಕ್‌ಲೇಟೆನ್ಸಿ ಎಂಬುದಿದೆ. ಅದು ಎಷ್ಟು ಕರೆಗಳು ಎಷ್ಟೆಷ್ಟು ಮೈಕ್ರೋಸೆಕೆಂಡಿನಲ್ಲಿ ಮುಗಿದವು ಎಂಬುದನ್ನು ಸಾಲುಸಾಲಾಗಿ ಪಟ್ಟಿ ಮಾಡಿ ಕೊಡುತ್ತದೆ.

ಕೋಲಾರ ಮಂಡಿ:

ಈ ಗುರುತಿನ ವಿಷಯ ನನಗೆ ತಿಳಿದಿರಲಿಲ್ಲ ಸರ್. ಹರಾಜಿನ ಹೊತ್ತಿನಲ್ಲಿ ಪಿಎಸ್‌ಐ ಅಂಕಿಗೂ ಹುಡುಗನ ದೂರಿಗೂ ತಾಳೆಯಾಗದೆ ಇದ್ದದ್ದಕ್ಕೆ ಈಗ ಕಾರಣ ಸಿಕ್ಕಿತು. ನಾಳೆಯೇ ನೋಡುತ್ತೇನೆ.

ಮಧುಗಿರಿ ಏಕಶಿಲೆ:

ಪೇಜ್-ಕ್ಲಸ್ಟರ್ ಬೆಲೆಯನ್ನು 0 ಮಾಡಿದ್ದೀರಾ? ಸಹಜ ಬೆಲೆ 3, ಅಂದರೆ ಒಂದು ಪುಟ ಕೇಳಿದರೆ ಎರಡರ ಮೂರನೆಯ ಘಾತದಷ್ಟು, ಎಂಟು ಪುಟಗಳನ್ನು ಮುಂಗಡವಾಗಿ ತರುತ್ತದೆ. ಡಿಸ್ಕಿನಲ್ಲಿ ಅದು ಲಾಭ. ಝಡ್‌ರ‍್ಯಾಮಿನಲ್ಲಿ ಬೇಡದ ಏಳು ಪುಟಗಳನ್ನು ಹಿಗ್ಗಿಸಿದಂತೆ. ನಿಮ್ಮ ಎರಡು ಸೆಕೆಂಡಿಗೆ ಇದೇ ಕಾರಣ.

ಗೌರಿಬಿದನೂರು:

ಅಷ್ಟು ಖಚಿತವಾಗಿ ಹೇಳಬೇಡಿ. 4.15ನೇ ಆವೃತ್ತಿಯಿಂದೀಚೆಗೆ, ಝಡ್‌ರ‍್ಯಾಮಿನಂತೆ ಕೇಳಿದ ತಕ್ಷಣ ಅಲ್ಲೇ ಉತ್ತರ ಕೊಡುವ ಸಾಧನಗಳ ವಿಷಯದಲ್ಲಿ, ಪುಟಕ್ಕೆ ಒಬ್ಬನೇ ಬಳಕೆದಾರನಿದ್ದರೆ ಕರ್ನಲ್ ಮುಂಗಡ ಓದುವಿಕೆಯನ್ನು ಬಿಟ್ಟುಬಿಡುತ್ತದೆ. ಹಲವು ಪ್ರೊಸೆಸ್‌ಗಳು ಹಂಚಿಕೊಂಡ ಪುಟಗಳಲ್ಲಿ ಮಾತ್ರ ನಿಮ್ಮ ಮಾತು ನಡೆಯುತ್ತದೆ. ಝಡ್‌ಸ್ವಾಪ್ ಬಳಸುವವರಿಗೆ, ಅಂದರೆ ಡಿಸ್ಕ್ ಸ್ವಾಪಿನ ಮುಂದೆ ಸಂಕುಚಿತ ಕಣಜವೊಂದನ್ನು ಇಟ್ಟುಕೊಂಡವರಿಗೆ, ಈ ಬೆಲೆ ಮುಖ್ಯ.

ಮಧುಗಿರಿ ಏಕಶಿಲೆ:

ಹಳೆಯ ಕರ್ನಲ್ ಇರಬಹುದೆಂದು ಹೇಳಿದೆ. 0 ಮಾಡಿದರೆ ನಷ್ಟವಂತೂ ಇಲ್ಲ.

ಗೌರಿಬಿದನೂರು:

ನಷ್ಟವಿಲ್ಲ ಎಂಬುದನ್ನು ಒಪ್ಪುತ್ತೇನೆ. ಕಾರಣ ಅದೇ ಎಂಬುದನ್ನು ಒಪ್ಪುವುದಿಲ್ಲ.

ಬಾಗೇಪಲ್ಲಿ:

ಲ್ಯಾಬಿನವರು ಪದೇಪದೇ ಬ್ರೌಸರ್ ತೆರೆದು ಮೆಮೊರಿ ತುಂಬಿಸುವ ಬದಲು, ಸಿಸ್ಟಂಡಿ-ರನ್ ಎಂಬ ಆದೇಶ ಬಳಸಿ ಎಡಿಟರಿಗೆ 800 ಎಂಬಿಯ ಮಿತಿ ಹಾಕಿ ಓಡಿಸಬಹುದು. ಮಿತಿ ಮುಟ್ಟಿದೊಡನೆ ಪುಟಗಳು ಝಡ್‌ರ‍್ಯಾಮಿಗೆ ಹೋಗುತ್ತವೆ. ಒಂದೇ ಪ್ರಯೋಗವನ್ನು ಹತ್ತು ಸಲ ಒಂದೇ ರೀತಿಯಲ್ಲಿ ಮಾಡಬಹುದು.

ಚಿಂತಾಮಣಿ ಸಿ:

ಸಲಹೆ ಚೆನ್ನಾಗಿದೆ, ಆದರೆ ಅದರಲ್ಲೊಂದು ಹಳ್ಳವಿದೆ. ನಾನೇ ಅದರಲ್ಲಿ ಬಿದ್ದು ಎದ್ದವನು. ಹೀಗೆ ಹಾಕಿದ ಸಿಗ್ರೂಪ್ (ಪ್ರೋಗ್ರಾಂಗಳ ಗುಂಪು) ಮಿತಿಯೊಳಗಿನ ಪುಟ ಝಡ್‌ರ‍್ಯಾಮಿಗೆ ಹೋದ ಮೇಲೆ, ಅದರ ಕುಗ್ಗಿದ ರೂಪ ಹಿಡಿದುಕೊಂಡ ಜಾಗವನ್ನು ಆ ಗುಂಪಿನ ಲೆಕ್ಕಕ್ಕೆ ಹಾಕುವುದಿಲ್ಲ. ಯಂತ್ರದಲ್ಲಿ ಬೇರೆಡೆ ಖಾಲಿ ರ‍್ಯಾಮ್ ಇದ್ದರೆ ಕುಗ್ಗಿದ ಪುಟಗಳು ಅಲ್ಲಿ ಪುಕ್ಕಟೆಯಾಗಿ ಕುಳಿತಿರುತ್ತವೆ. ಹೀಗಾಗಿ ಝಡ್‌ರ‍್ಯಾಮ್ ನಿಜಕ್ಕಿಂತ ಚೆನ್ನಾಗಿ ಕಾಣುತ್ತದೆ. ಝಡ್‌ಸ್ವಾಪಿನಲ್ಲಿ ಹಾಗಲ್ಲ, 2022ರ 5.19ನೇ ಆವೃತ್ತಿಯಿಂದ ಕುಗ್ಗಿದ ಗಾತ್ರವನ್ನು ಆಯಾ ಗುಂಪಿನ ಲೆಕ್ಕಕ್ಕೇ ಬರೆಯುತ್ತಾರೆ. ಎರಡನ್ನೂ ಒಂದೇ ಮಿತಿಯಲ್ಲಿಟ್ಟು ಹೋಲಿಸಿ, ಝಡ್‌ರ‍್ಯಾಮ್ ಗೆದ್ದಿತು ಎಂದು ನಾನು ಒಮ್ಮೆ ತೀರ್ಪು ಕೊಟ್ಟುಬಿಟ್ಟಿದ್ದೆ. ಇಡೀ ಯಂತ್ರವನ್ನೇ ಚಿಕ್ಕದು ಮಾಡಬೇಕು. ಬೂಟ್ ಸಾಲಿನಲ್ಲಿ ಮೆಮ್=2ಜಿ ಎಂದು ಕೊಟ್ಟರೆ ಕರ್ನಲ್‌ಗೆ ಅಷ್ಟೇ ರ‍್ಯಾಮ್ ಕಾಣುತ್ತದೆ.

ಬಾಗೇಪಲ್ಲಿ:

ಇದನ್ನು ಬರೆದು ಉಪಕಾರ ಮಾಡಿದಿರಿ. ನನ್ನ ಹಳೆಯ ಹೋಲಿಕೆಗಳನ್ನೆಲ್ಲ ಈಗ ಮತ್ತೆ ಮಾಡಬೇಕು.

ಪಾವಗಡ ಬಿಸಿಲು:

ಇನ್ನೊಂದು ವಿಷಯ ಯಾರೂ ಹೇಳಲಿಲ್ಲ. ಸಿಪಿಯು ತನ್ನ ವೇಗವನ್ನು ತಾನೇ ಏರಿಸಿ ಇಳಿಸುತ್ತಿರುವಾಗ ನೀವು ಅಳೆದದ್ದು ಕುಗ್ಗಿಸುವ ಕ್ರಮವನ್ನೋ ಆ ವೇಗ ನಿಯಂತ್ರಿಸುವ ಗವರ್ನರಿನ ನಿರ್ಧಾರವನ್ನೋ ತಿಳಿಯುವುದಿಲ್ಲ. ಅಳೆಯುವಷ್ಟು ಹೊತ್ತು ಗವರ್ನರನ್ನು ಪರ್ಫಾರ್ಮೆನ್ಸ್‌ಗೆ ಇಡಿ. ನಮ್ಮ ಕಡೆ ಏಪ್ರಿಲ್ ಮಧ್ಯಾಹ್ನದಲ್ಲಿ ಫ್ಯಾನಿಗೆ ಧೂಳು ಕಟ್ಟಿದ ಯಂತ್ರ ಬಿಸಿಯೇರಿ ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ. ಬೆಳಿಗ್ಗೆ ಎಲ್‌ಝಡ್4 (ಇನ್ನೊಂದು ಕುಗ್ಗಿಸುವ ಕ್ರಮ), ಮಧ್ಯಾಹ್ನ ಝಡ್‌ಎಸ್‌ಟಿಡಿ ಎಂದು ಅಳೆದರೆ ಎರಡನೆಯದಕ್ಕೆ ಅನ್ಯಾಯವಾಗುತ್ತದೆ. ಮೊದಲು ಇದು, ಆಮೇಲೆ ಅದು, ಮತ್ತೆ ಅದು, ಮತ್ತೆ ಇದು ಎಂದು ತಿರುಗಿಸಿ ಮುರುಗಿಸಿ ಅಳೆಯಿರಿ. ಪ್ರತಿ ಸಲವೂ ಝಡ್‌ರ‍್ಯಾಮನ್ನು ಸ್ವಾಪಾಫ್ ಮಾಡಿ, ರೀಸೆಟ್ ಮಾಡಿ ಹೊಸದಾಗಿ ಆರಂಭಿಸಿ.

ಶಿರಾ ಗೇಟ್:

ಇಷ್ಟೆಲ್ಲ ಓದಿದ ಮೇಲೂ ನನ್ನ ಮೂಲ ಮಾತು ಹಾಗೆಯೇ ಇದೆ. ಕುಗ್ಗಿಸುವುದಕ್ಕೆ ಬೆಲೆ ಇದೆ, ಆ ಬೆಲೆಯನ್ನು ಹಳೆಯ ಯಂತ್ರ ತೆರಲಾರದು. ರಾಗಿಯನ್ನು ಹಗೇವಿನಲ್ಲಿ ತುಂಬಿಟ್ಟರೆ ಮನೆಯಲ್ಲಿ ಜಾಗ ಉಳಿಯುತ್ತದೆ, ನಿಜ. ಆದರೆ ದಿನಾ ಮುದ್ದೆಗೆ ಬೇಕಾದ ರಾಗಿಯನ್ನು ಯಾರೂ ಹಗೇವಿನಲ್ಲಿ ಇಡುವುದಿಲ್ಲ.

ಚಿಂತಾಮಣಿ ಸಿ:

ಹೋಲಿಕೆ ಸರಿಯಾಗಿದೆ ಸರ್, ಅದನ್ನೇ ಮುಂದುವರಿಸೋಣ. ಹಗೇವು ಇಲ್ಲದ ಮನೆಯವರು ಉಳಿದ ರಾಗಿಯನ್ನು ಎಲ್ಲಿಡುತ್ತಾರೆ? ಇಲ್ಲಿ ಎದುರಾಳಿ ಖಾಲಿ ರ‍್ಯಾಮ್ ಅಲ್ಲ, ಏಕೆಂದರೆ ಅದು ಅವರ ಬಳಿ ಇಲ್ಲ. ಎದುರಾಳಿ ಹಾರ್ಡ್ ಡಿಸ್ಕ್. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕಿನಲ್ಲಿ ಅರ್ಧ ಸುತ್ತಿಗೆ ಕಾಯುವುದೊಂದಕ್ಕೇ ಸರಾಸರಿ 4 ಮಿಲಿಸೆಕೆಂಡಿಗಿಂತ ಹೆಚ್ಚು ಬೇಕು, ತಲೆ ಸರಿಯುವ ಸಮಯ ಬೇರೆ. ಒಂದು ಪುಟವನ್ನು ಹಿಗ್ಗಿಸುವ ಕೆಲಸ ಹಳೆಯ ಸಿಪಿಯುವಿನಲ್ಲೂ ಮೈಕ್ರೋಸೆಕೆಂಡುಗಳ ಲೆಕ್ಕದ್ದು. ಎರಡಕ್ಕೂ ನಡುವೆ ನೂರು ಪಟ್ಟಿಗೂ ಮೀರಿದ ಅಂತರವಿದೆ.

ಹಾಗೆಂದು ನಿಮ್ಮ ಸಂಶಯವನ್ನು ತಳ್ಳಿಹಾಕುವುದಿಲ್ಲ. 1993ರಲ್ಲಿ ಫ್ರೆಡ್ ಡಗ್ಲಿಸ್ ಅವರು ಸ್ಪ್ರೈಟ್ ಎಂಬ ಕಾರ್ಯಾಚರಣ ವ್ಯವಸ್ಥೆಯಲ್ಲಿ ಇದನ್ನು ಮಾಡಿ ನೋಡಿದಾಗಲೇ, ಕೆಲವು ಪ್ರೋಗ್ರಾಂಗಳು ವೇಗವಾದವು, ಕೆಲವು ನಿಧಾನವಾದವು. ಮೆಮೊರಿಯ ಒಂದು ಭಾಗವನ್ನು ಕುಗ್ಗಿದ ಪುಟಗಳಿಗೆ ಕೊಟ್ಟೊಡನೆ ಉಳಿದವರ ಪಾಲು ಅಷ್ಟು ಕಡಿಮೆಯಾಗುತ್ತದೆ. ಈ ಎರಡನೆಯ ಬೆಲೆಯನ್ನು ಬಹಳ ಜನ ಮರೆಯುತ್ತಾರೆ. ಲ್ಯಾಬಿನವರು ಅಂಕಿಗಳನ್ನು ತರಲಿ, ಆಮೇಲೆ ಮಾತಾಡೋಣ.

ಶಿರಾ ಗೇಟ್:

ಆಗಲಿ. ಅಂಕಿ ನೋಡಿ ಮಾತಾಡುವುದಕ್ಕೆ ನನ್ನದೇನೂ ತಕರಾರಿಲ್ಲ.

ತುಮಕೂರು ಲ್ಯಾಬ್:

ಶನಿವಾರ, ಭಾನುವಾರ ಎರಡೂ ದಿನ ಲ್ಯಾಬಿನಲ್ಲಿ ಕುಳಿತು ಅಳೆದೆ. ಹಾರ್ಡ್ ಡಿಸ್ಕಿನ ಒಂದು ಯಂತ್ರ, ಎಸ್‌ಎಸ್‌ಡಿಯ ಒಂದು ಯಂತ್ರ. ಎರಡರಲ್ಲೂ ಗವರ್ನರ್ ಸ್ಥಿರ. ಬ್ರೌಸರ್, ಎಡಿಟರ್, ಹುಡುಗರು ಮಾಡುವ ಅದೇ ಕೆಲಸ.

ಒಂದು ಅಳತೆ ಪ್ರೋಗ್ರಾಂ ಬರೆದೆ. ಅದು 64 ಎಂಬಿಯಲ್ಲಿ ಅರ್ಧವನ್ನು ಪದೇಪದೇ ಮುಟ್ಟುತ್ತದೆ, ಉಳಿದರ್ಧದ ಒಂದೊಂದು ಪುಟವನ್ನು ಐದು ನಿಮಿಷಕ್ಕೊಮ್ಮೆ ಮಾತ್ರ ಮುಟ್ಟುತ್ತದೆ. ಎಲ್ಲವನ್ನೂ ಸದಾ ಮುಟ್ಟುತ್ತಿದ್ದರೆ ಕರ್ನಲ್ ಆ ಪುಟಗಳನ್ನು ಹೊರಗೆ ಕಳಿಸುವುದೇ ಇಲ್ಲ ಎಂದು ಮೊದಲ ಓಟದಲ್ಲೇ ಗೊತ್ತಾಯಿತು. ಸಮಯ ಬರೆದಿಟ್ಟುಕೊಳ್ಳುವ ಜಾಗವನ್ನು ಎಂಲಾಕ್ ಮಾಡಿ ರ‍್ಯಾಮಿನಿಂದ ಹೊರಹೋಗದಂತೆ ಬೀಗ ಹಾಕಿದೆ. ಇಲ್ಲದಿದ್ದರೆ ಅಳತೆಗೋಲೇ ಝಡ್‌ರ‍್ಯಾಮಿನೊಳಗೆ ಹೋಗಿ ಕುಳಿತುಕೊಳ್ಳುತ್ತಿತ್ತು.

ಹಾರ್ಡ್ ಡಿಸ್ಕಿನ ಯಂತ್ರದಲ್ಲಿ ಡೂ-ಸ್ವಾಪ್-ಪೇಜ್ ಕರೆಗಳಲ್ಲಿ ಹೆಚ್ಚಿನವು 16ರಿಂದ 31 ಮೈಕ್ರೋಸೆಕೆಂಡಿನ ಸಾಲಿನಲ್ಲಿ ಬಿದ್ದವು. ಬಾಲದಲ್ಲಿ ಕೆಲವು ಹತ್ತಾರು ಮಿಲಿಸೆಕೆಂಡು ತೆಗೆದುಕೊಂಡಿವೆ. ಆದರೆ ಎಡಿಟರ್ ಹ್ಯಾಂಗ್ ಆದ ಆ ಎರಡು ಸೆಕೆಂಡಿನಲ್ಲಿ ಈ ಕರೆಗಳನ್ನೆಲ್ಲ ಕೂಡಿಸಿದರೂ ಅರ್ಧ ಸೆಕೆಂಡು ತುಂಬುವುದಿಲ್ಲ. ಪಿಎಸ್‌ಐ ‘ಫುಲ್’ ಮಾತ್ರ ಅದೇ ಹೊತ್ತಿನಲ್ಲಿ ನೆಗೆದಿದೆ. ಉಳಿದ ಒಂದೂವರೆ ಸೆಕೆಂಡು ಎಲ್ಲಿ ಹೋಯಿತು ಎಂಬುದು ನನಗೆ ಹೊಳೆಯುತ್ತಿಲ್ಲ. ಕುಗ್ಗದ ಪುಟಗಳ ಸಂಖ್ಯೆ ದೊಡ್ಡದೇನಲ್ಲ.

ಚಿಂತಾಮಣಿ ಸಿ:

ಹ್ಯಾಂಗ್ ಆದ ಹೊತ್ತಿನಲ್ಲಿ ಡಿಸ್ಕಿನ ದೀಪ ಉರಿಯುತ್ತಿತ್ತೇ?

ತುಮಕೂರು ಲ್ಯಾಬ್:

ಒಂದೇ ಸಮನೆ ಉರಿಯುತ್ತಿತ್ತು. ಡಿಸ್ಕಿನಲ್ಲಿ ಸ್ವಾಪ್ ಇಲ್ಲವಲ್ಲ ಎಂದು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಚಿಂತಾಮಣಿ ಸಿ:

ನಿಮ್ಮ ಒಂದೂವರೆ ಸೆಕೆಂಡು ಆ ದೀಪದಲ್ಲಿದೆ. ಪ್ರಾಕ್‌ನ ವಿಎಂ-ಸ್ಟ್ಯಾಟ್ ಕಡತದಲ್ಲಿ ವರ್ಕಿಂಗ್‌ಸೆಟ್-ರೀಫಾಲ್ಟ್-ಫೈಲ್ ಎಂಬ ಎಣಿಕೆಯನ್ನು (ಹೊರಹೋದ ಪುಟ ಮತ್ತೆ ಬೇಕಾದ ಸಲಗಳು) ಹ್ಯಾಂಗ್ ಆಗುವ ಮೊದಲು ಒಮ್ಮೆ, ಆದ ಮೇಲೆ ಒಮ್ಮೆ ಓದಿ. ಪಕ್ಕದಲ್ಲೇ ಅನಾನ್ ಎಂದು ಕೊನೆಗೊಳ್ಳುವ ಜೋಡಿ ಎಣಿಕೆ ಇರುತ್ತದೆ. ಅನಾನ್ ಎಂದರೆ ಪ್ರೋಗ್ರಾಂ ಕೇಳಿ ಪಡೆದ ಮೆಮೊರಿ, ಅದು ಝಡ್‌ರ‍್ಯಾಮಿಗೆ ಹೋಗುತ್ತದೆ. ಫೈಲ್ ಎಂದರೆ ಡಿಸ್ಕಿನ ಕಡತಗಳಿಂದ ಓದಿದ್ದು. ಎಡಿಟರಿನ ಯಂತ್ರಭಾಷೆಯ ಪುಟಗಳೂ ಇದರಲ್ಲೇ ಸೇರುತ್ತವೆ. ಜಾಗ ಬೇಕಾದಾಗ ಕರ್ನಲ್ ಈ ಪುಟಗಳನ್ನು ಎಲ್ಲಿಯೂ ಇಡದೆ ಸುಮ್ಮನೆ ಬಿಟ್ಟುಬಿಡುತ್ತದೆ, ಮತ್ತೆ ಬೇಕಾದಾಗ ಡಿಸ್ಕಿನಿಂದಲೇ ಓದುತ್ತದೆ. ಸ್ವಾಪ್ ಎಲ್ಲವೂ ರ‍್ಯಾಮಿನಲ್ಲೇ ಇದ್ದರೂ ಡಿಸ್ಕಿನ ಕಾಯುವಿಕೆ ತಪ್ಪದಿರುವುದು ಹೀಗೆ. ಮೇಜರ್ ಫಾಲ್ಟ್‌ಗಳ, ಅಂದರೆ ಹೊರಹೋದ ಪುಟವನ್ನು ಹಿಂದಕ್ಕೆ ತರಬೇಕಾದ ಸಲಗಳ, ಒಟ್ಟು ಎಣಿಕೆಯಲ್ಲಿ ಈ ಎರಡು ಬಗೆಯವೂ ಕಲಸಿಹೋಗಿರುವುದರಿಂದ ಅದನ್ನೊಂದನ್ನೇ ನೋಡಿದರೆ ಏನೂ ತಿಳಿಯದು.

ಸ್ವಾಪಿನೆಸ್, ಅಂದರೆ ಕಡತದ ಪುಟಗಳಿಗೆ ಹೋಲಿಸಿದರೆ ಸ್ವಾಪಿನ ಕಡೆಗೆ ಕರ್ನಲ್ ಎಷ್ಟು ಒಲಿಯಬೇಕೆಂಬ ಬೆಲೆ, ಎಷ್ಟಿದೆ?

ತುಮಕೂರು ಲ್ಯಾಬ್:

ಮುಟ್ಟಿಲ್ಲ. ಸಹಜವಾಗಿ ಬಂದ 60.

ಗೌರಿಬಿದನೂರು:

60 ಎಂಬುದು ಸ್ವಾಪ್ ಡಿಸ್ಕಿನಲ್ಲಿದ್ದ ಕಾಲದ ಬೆಲೆ. ಸ್ವಾಪ್ ಮಾಡುವುದು ಕಡತ ಓದುವುದಕ್ಕಿಂತ ದುಬಾರಿ ಎಂದು ನಂಬಿಕೊಂಡು ಕರ್ನಲ್ ಮೊದಲು ಕಡತದ ಪುಟಗಳ ಮೇಲೆ ಕೈ ಹಾಕುತ್ತದೆ. ನಿಮ್ಮಲ್ಲಿ ಪರಿಸ್ಥಿತಿ ತಲೆಕೆಳಗು. 5.8ನೇ ಆವೃತ್ತಿಯಿಂದ ಈ ಬೆಲೆಯನ್ನು 200ರವರೆಗೆ ಏರಿಸಬಹುದು. ಕರ್ನಲ್ ದಾಖಲೆಯಲ್ಲೇ ಲೆಕ್ಕ ಹಾಕುವ ಕ್ರಮ ಇದೆ: ಎರಡರ ತೂಕ ಕೂಡಿದರೆ 200 ಆಗಬೇಕು, ಸ್ವಾಪ್ ಸಾಧನ ಕಡತ ಓದುವುದಕ್ಕಿಂತ ಎರಡು ಪಟ್ಟು ವೇಗವಾಗಿದ್ದರೆ 133 ಇಡಬೇಕು. ನಿಮ್ಮ ಹಾರ್ಡ್ ಡಿಸ್ಕಿನ ಯಂತ್ರಗಳಲ್ಲಿ ಅಂತರ ಎರಡು ಪಟ್ಟಿಗಿಂತ ಎಷ್ಟೋ ಹೆಚ್ಚಿದೆ. 180ರಿಂದ ಆರಂಭಿಸಿ ಅಳೆದು ನೋಡಿ.

ಶಿರಾ ಗೇಟ್:

ಅಂದರೆ ನಿಧಾನಕ್ಕೆ ಮದ್ದು ಇನ್ನಷ್ಟು ಕುಗ್ಗಿಸುವುದೇ? ಇದನ್ನು ನಂಬಬೇಕಾದರೆ ನನಗೆ ಎರಡನೆಯ ಸುತ್ತಿನ ಅಳತೆ ಬೇಕು.

ತುಮಕೂರು ಲ್ಯಾಬ್:

ಎರಡನೆಯ ಸುತ್ತು ಮುಗಿಯಿತು. ಹಾರ್ಡ್ ಡಿಸ್ಕಿನ ಯಂತ್ರದಲ್ಲಿ ಸ್ವಾಪಿನೆಸ್ 60 ಇದ್ದಾಗ ಪ್ರತಿಯೊಂದು ಹ್ಯಾಂಗ್ ಹೊತ್ತಿನಲ್ಲೂ ಫೈಲ್ ರೀಫಾಲ್ಟ್ ಎಣಿಕೆ ಸಾವಿರಗಳಲ್ಲಿ ಏರುತ್ತಿತ್ತು. 180 ಮಾಡಿ ಅದೇ ಕೆಲಸವನ್ನು ಆರು ಸಲ ಮಾಡಿದೆ. ಫೈಲ್ ಎಣಿಕೆ ಬಹುತೇಕ ನಿಂತಿತು, ಅನಾನ್ ಎಣಿಕೆ ಏರಿತು, ಸಿಪಿಯು ಬಳಕೆಯೂ ಏರಿತು. ಒಂದು ಸೆಕೆಂಡು ದಾಟಿದ ತಡೆ ಆರು ಓಟಗಳಲ್ಲಿ ಒಮ್ಮೆಯೂ ಬರಲಿಲ್ಲ. ಮತ್ತೆ 60ಕ್ಕೆ ಇಳಿಸಿದೆ, ತಡೆ ಮರಳಿತು. ಮತ್ತೆ 180 ಮಾಡಿದೆ, ಹೋಯಿತು.

ಆದರೆ ಎಸ್‌ಎಸ್‌ಡಿಯ ಯಂತ್ರದ ಕಥೆ ಬೇರೆ. ಅಲ್ಲಿ ಮೊದಲಿನಿಂದಲೂ ತಡೆಗಳು ಚಿಕ್ಕವು, ಕಾಲು ಸೆಕೆಂಡಿನ ಒಳಗಿನವು. ಸ್ವಾಪಿನೆಸ್ ಏರಿಸಿದರೆ ಅವು ಕಡಿಮೆಯಾಗಲಿಲ್ಲ, ತುಸು ಹೆಚ್ಚಾದವು. ಸಿಪಿಯು ಸಮಯ ಎಲ್ಲಿ ಹೋಗುತ್ತಿದೆ ಎಂದು ತೋರಿಸುವ ಪರ್ಫ್ ಹಾಕಿ ನೋಡಿದರೆ ಮೇಲಿನ ಸಾಲುಗಳಲ್ಲಿ ಝಡ್‌ಎಸ್‌ಟಿಡಿಯ ಕುಗ್ಗಿಸುವ ಫಂಕ್ಷನ್‌ಗಳಿವೆ. ಹಿಗ್ಗಿಸುವವಲ್ಲ, ಕುಗ್ಗಿಸುವವು. ಅದೂ ಎಡಿಟರಿನ ಹೆಸರಿನಲ್ಲೇ ಓಡುತ್ತಿವೆ. ಎಡಿಟರ್ ಏಕೆ ಕುಗ್ಗಿಸುವ ಕೆಲಸ ಮಾಡಬೇಕು?

ಶಿರಾ ಗೇಟ್:

ಹಾರ್ಡ್ ಡಿಸ್ಕಿನ ವಿಷಯದಲ್ಲಿ ನನ್ನ ಊಹೆ ತಪ್ಪಾಗಿತ್ತು, ಒಪ್ಪುತ್ತೇನೆ. ಎಸ್‌ಎಸ್‌ಡಿಯ ವಿಷಯದಲ್ಲಿ ಸರಿಯಾಗಿಯೇ ಇತ್ತು ಎಂಬುದನ್ನೂ ದಾಖಲಿಸಿಕೊಳ್ಳಿ.

ಗೌರಿಬಿದನೂರು:

ಎರಡೂ ದಾಖಲಾಗಲಿ.

ಲ್ಯಾಬಿನವರ ಪ್ರಶ್ನೆಗೆ ಉತ್ತರ: ಹೊರಹೋದ ಪುಟವನ್ನು ಹಿಂದಕ್ಕೆ ತರಲು ಖಾಲಿ ಪುಟವೊಂದು ಬೇಕು. ಸಾಮಾನ್ಯವಾಗಿ ಕೆಸ್ವಾಪ್‌ಡಿ ಎಂಬ ಹಿನ್ನೆಲೆಯ ಕೆಲಸಗಾರ ಖಾಲಿ ಪುಟಗಳನ್ನು ಮೊದಲೇ ಸಿದ್ಧಪಡಿಸಿ ಇಟ್ಟಿರುತ್ತಾನೆ. ಅವನು ಹಿಂದೆ ಬಿದ್ದರೆ, ಪುಟ ಕೇಳಿದ ಪ್ರೋಗ್ರಾಮೇ ಬೇರೆ ಪುಟಗಳನ್ನು ಕುಗ್ಗಿಸಿ ಜಾಗ ಮಾಡಿಕೊಳ್ಳಬೇಕು. ಇದಕ್ಕೆ ಡೈರೆಕ್ಟ್ ರಿಕ್ಲೇಮ್ ಎನ್ನುತ್ತಾರೆ. ನಿಮ್ಮ ಪಟ್ಟಿಯ ಬಾಲದಲ್ಲಿದ್ದ ಹತ್ತಾರು ಮಿಲಿಸೆಕೆಂಡಿನ ಕರೆಗಳು ಇವೇ ಇರಬೇಕು. ಆ ಕರೆಗಳಲ್ಲಿ ಹಿಗ್ಗಿಸಿದ್ದು ಒಂದೇ ಪುಟ, ಕುಗ್ಗಿಸಿದ್ದು ಹತ್ತಾರು ಪುಟ. ಝಡ್‌ಎಸ್‌ಟಿಡಿ ಹಿಗ್ಗಿಸುವುದಕ್ಕಿಂತ ಕುಗ್ಗಿಸುವುದರಲ್ಲಿ ನಿಧಾನ, ಹಾಗಾಗಿ ಪೆಟ್ಟು ಅಲ್ಲಿ ಬೀಳುತ್ತದೆ. ಪಿಜಿಸ್ಕ್ಯಾನ್-ಡೈರೆಕ್ಟ್ ಎಣಿಕೆಯನ್ನು ಪಿಜಿಸ್ಕ್ಯಾನ್-ಕೆಸ್ವಾಪ್‌ಡಿ ಎಣಿಕೆಯ ಜೊತೆಗಿಟ್ಟು ನೋಡಿದರೆ ಯಾರು ಎಷ್ಟು ಹೊರೆ ಹೊತ್ತರೆಂದು ಗೊತ್ತಾಗುತ್ತದೆ.

ಎರಡು ದಾರಿಗಳಿವೆ. ಎಲ್‌ಝಡ್4ಗೆ ಅಥವಾ ಎಲ್‌ಝಡ್‌ಒ-ಆರ್‌ಎಲ್‌ಇಗೆ ಬದಲಿಸಿದರೆ ಜಾಗದ ಉಳಿತಾಯ ಕಡಿಮೆಯಾಗುತ್ತದೆ, ಕುಗ್ಗಿಸುವುದು ಬೇಗ ಮುಗಿಯುತ್ತದೆ. ಇಲ್ಲವೇ ವಾಟರ್‌ಮಾರ್ಕ್-ಸ್ಕೇಲ್-ಫ್ಯಾಕ್ಟರ್ ಬೆಲೆಯನ್ನು ಏರಿಸಿ ಕೆಸ್ವಾಪ್‌ಡಿಯನ್ನು ಬೇಗ ಎಬ್ಬಿಸಿ; ಸಹಜ ಬೆಲೆ 10, ಅಂದರೆ ಮೆಮೊರಿಯ ಶೇಕಡಾ 0.1 ಮಾತ್ರ, ನಿಮ್ಮ ಯಂತ್ರದಲ್ಲಿ ಸುಮಾರು 4 ಎಂಬಿ. ಬ್ರೌಸರ್ ಒಂದು ಟ್ಯಾಬ್ ತೆರೆದರೆ ಕಣ್ಣು ಮಿಟುಕಿಸುವುದರಲ್ಲಿ ಅಷ್ಟು ಖರ್ಚಾಗುತ್ತದೆ. ಎರಡನ್ನೂ ಒಟ್ಟಿಗೆ ಬದಲಿಸಬೇಡಿ, ಯಾವುದರಿಂದ ಗುಣವಾಯಿತೆಂದು ತಿಳಿಯದೆ ಹೋಗುತ್ತದೆ.

ಬಾಗೇಪಲ್ಲಿ:

ಝಡ್‌ರ‍್ಯಾಮ್ ತುಂಬಿದ ಮೇಲೆ ಮುಂದೇನು ಎಂದು ಡಿಸ್ಕಿನಲ್ಲಿ ಎರಡನೆಯ ಸ್ವಾಪ್ ಇಡುವ ಯೋಚನೆ ಯಾರಿಗಾದರೂ ಇದ್ದರೆ ಒಂದು ಎಚ್ಚರಿಕೆ. ಮೊದಲು ಹೊರಹೋದ ತಣ್ಣನೆಯ ಪುಟಗಳು ಝಡ್‌ರ‍್ಯಾಮನ್ನು ಆಕ್ರಮಿಸಿಕೊಂಡು ಕುಳಿತಿರುತ್ತವೆ, ಆಮೇಲೆ ಬರುವ ಬಿಸಿ ಪುಟಗಳು ಡಿಸ್ಕಿಗೆ ಹೋಗುತ್ತವೆ. ಆಗ ಫಂಕ್‌ಲೇಟೆನ್ಸಿಯ ಪಟ್ಟಿಯಲ್ಲಿ ಎರಡು ಪ್ರತ್ಯೇಕ ಗುಡ್ಡಗಳು ಕಾಣುತ್ತವೆ, ಒಂದು ಮೈಕ್ರೋಸೆಕೆಂಡಿನಲ್ಲಿ, ಇನ್ನೊಂದು ಮಿಲಿಸೆಕೆಂಡಿನಲ್ಲಿ. ಅಂಥ ಕಡೆ ಝಡ್‌ಸ್ವಾಪ್ ಮೇಲು, ಅದು ಹಳೆಯದನ್ನು ಡಿಸ್ಕಿಗೆ ತಳ್ಳಿ ಹೊಸದಕ್ಕೆ ಜಾಗ ಕೊಡುತ್ತದೆ.

ಕೋಲಾರ ಮಂಡಿ:

ನನ್ನ ಯಂತ್ರದಲ್ಲಿ ಇರುವುದು ಅವೇ ಎರಡು ಗುಡ್ಡಗಳು! ಇಂದು ಬೆಳಿಗ್ಗೆ ಹರಾಜಿನ ಹೊತ್ತಿನಲ್ಲಿ ಅಳೆದೆ. ಡಿಸ್ಕ್ ಸ್ವಾಪ್ ಇದೆ ಎಂಬುದನ್ನೇ ಮರೆತಿದ್ದೆ, ಹಿಂದೆ ಯಂತ್ರ ಸಿದ್ಧಪಡಿಸಿದವರು ಹಾಕಿಟ್ಟಿದ್ದಾರೆ.

ತುಮಕೂರು ಲ್ಯಾಬ್:

ಎಸ್‌ಎಸ್‌ಡಿಯ ಯಂತ್ರದಲ್ಲಿ ಮೊದಲು ವಾಟರ್‌ಮಾರ್ಕ್ ಮಾತ್ರ 100ಕ್ಕೆ ಏರಿಸಿದೆ. ಎಡಿಟರಿನ ಹೆಸರಿನಲ್ಲಿ ಕಾಣುತ್ತಿದ್ದ ಕುಗ್ಗಿಸುವ ಕೆಲಸ ಬಹುಪಾಲು ಕೆಸ್ವಾಪ್‌ಡಿಯ ಹೆಸರಿಗೆ ಸರಿಯಿತು, ಬಾಲದ ಕರೆಗಳು ವಿರಳವಾದವು. ಆಮೇಲೆ ಅದನ್ನು 10ಕ್ಕೆ ಮರಳಿಸಿ ಎಲ್‌ಝಡ್4 ಹಾಕಿದೆ. ಬಾಲ ಉಳಿಯಿತು, ಆದರೆ ಗಿಡ್ಡವಾಯಿತು; ಎಂಎಂ-ಸ್ಟ್ಯಾಟಿನ ಮೂರನೆಯ ಅಂಕಿ ಮೊದಲಿಗಿಂತ ದೊಡ್ಡದಾಯಿತು. ಆ 6 ಯಂತ್ರಗಳಿಗೆ ಝಡ್‌ಎಸ್‌ಟಿಡಿಯನ್ನೇ ಉಳಿಸಿಕೊಂಡು ವಾಟರ್‌ಮಾರ್ಕ್ ಏರಿಸುವುದೆಂದು ತೀರ್ಮಾನಿಸಿದ್ದೇನೆ. 26 ಯಂತ್ರಗಳಿಗೆ ಸ್ವಾಪಿನೆಸ್ 180.

ದೂರು ಕೊಟ್ಟಿದ್ದ ಆ ಹುಡುಗಿಯನ್ನೇ ಸೋಮವಾರ ಅದೇ ಯಂತ್ರದ ಮುಂದೆ ಕೂರಿಸುತ್ತೇನೆ. ಅವಳಿಗೆ ಯಾವ ಬದಲಾವಣೆಯನ್ನೂ ಹೇಳುವುದಿಲ್ಲ. ಪಕ್ಕದ ಯಂತ್ರವನ್ನು ಹಳೆಯ ಸ್ಥಿತಿಯಲ್ಲೇ ಬಿಟ್ಟಿರುತ್ತೇನೆ.

ಶಿಡ್ಲಘಟ್ಟ ನೂಲು:

ಅಳತೆ ಪ್ರೋಗ್ರಾಂ ಇಲ್ಲಿ ಹಾಕುವಿರಾ? ನಮ್ಮ ಶಾಲೆಯ ಎಂಟು ಯಂತ್ರಗಳಲ್ಲಿ ಓಡಿಸಿ ನೋಡಬೇಕು.

ತುಮಕೂರು ಲ್ಯಾಬ್:

ಇಂದು ರಾತ್ರಿ ಹಾಕುತ್ತೇನೆ ಮೇಡಂ. ಎಂಲಾಕ್‌ಗೆ ಮಿತಿ ಇರುತ್ತದೆ, ಓಡಿಸುವ ಮೊದಲು ಯುಲಿಮಿಟ್‌ನಲ್ಲಿ ಅದನ್ನು ಏರಿಸಿಕೊಳ್ಳಿ. ಇಲ್ಲದಿದ್ದರೆ ಬೀಗ ಬಿದ್ದಿರುವುದಿಲ್ಲ, ನಿಮಗೆ ಗೊತ್ತೂ ಆಗುವುದಿಲ್ಲ.